ಮೊದಲು ಪರೀಕ್ಷೆ, ಆಮೇಲೆ ಔಷಧ: ತೆಂಗಿನ ಸೀಮೆಯ ಕೆಮ್ಮು ದಮ್ಮುಗಳಿಗೆ ಕ್ರಮವಾದ ಚಿಕಿತ್ಸೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ವರ್ಷಗಟ್ಟಲೆ ಕೆಮ್ಮುತ್ತ ಬಂದ ಹಿರಿಯರನ್ನು ಕಂಡು, ವಯಸ್ಸಾಯಿತು, ಬೀಡಿಯ ಕೆಮ್ಮು, ಚಳಿ ಕಳೆದರೆ ತಾನೇ ಹೋಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುವುದು ಬಹುಕಾಲದಿಂದ ನಡೆದುಬಂದ ರೂಢಿ. ಕೆಮ್ಮು, ಏದುಸಿರು, ಎದೆಬಿಗಿತ ಈ ಮೂರೂ ಕಾರಣವುಳ್ಳ ವ್ಯಾಧಿಗಳ ಲಕ್ಷಣಗಳಾದ್ದರಿಂದ, ಆ ಕಾರಣವನ್ನು ಗೊತ್ತುಮಾಡಿಕೊಳ್ಳದೆ ಕೊಟ್ಟ ಔಷಧ ಎಷ್ಟು ಬೆಲೆಯುಳ್ಳದ್ದಾದರೂ ವ್ಯರ್ಥವೇ ಸರಿ.

ಈ ಮಾತಿಗೆ ನಮ್ಮ ಜಿಲ್ಲೆಯದೇ ಸಾಕ್ಷ್ಯವುಂಟು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಅನಂತರದ ವರ್ಷಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ದೊಡ್ಡ ಸಮೀಕ್ಷೆಯೊಂದನ್ನು ನಡೆಸಿದರು. ಅದರ ಬೆನ್ನಿಗೆ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ರೋಗಿಗಳನ್ನೇ ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವು ಚೆನ್ನಾಗಿಯೇ ಇದ್ದಿತೆಂದೂ, ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಚಿಕಿತ್ಸೆಯನ್ನರಸಿ ಆಸ್ಪತ್ರೆಗೆ ಹೋಗಿದ್ದರೆಂದೂ ತಿಳಿದುಬಂತು. ಹೋದವರಲ್ಲಿ ಅನೇಕರಿಗೆ ದೊರೆತದ್ದು ಕೆಮ್ಮಿನ ಔಷಧದ ಬಾಟಲಿ. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಬೆಳೆಸಿಕೊಳ್ಳುತ್ತಾರೆಂಬ ಪಟ್ಟಣದವರ ಆಕ್ಷೇಪಣೆ ಎಷ್ಟು ಅನ್ಯಾಯದ್ದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಆದಕಾರಣ ಮೊದಲ ಹೆಜ್ಜೆ ಕಫಪರೀಕ್ಷೆ. ಕೆಮ್ಮು ಎರಡು ವಾರ ಮೀರಿದರೆ, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ ಕಫದ ಡಬ್ಬಿಯನ್ನು ಕೇಳಿ ಪಡೆಯಿರಿ, ಪರೀಕ್ಷೆಗೆ ಹಣವಿಲ್ಲ. ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನೇ ಕೊಡಬೇಕು. ಬರಿಯ ಎಂಜಲು ಕೊಟ್ಟರೆ ರೋಗವಿದ್ದರೂ ಇಲ್ಲವೆಂದು ವರದಿ ಬರುವ ಸಂಭವವುಂಟು.

ಕ್ಷಯವೆಂದು ಗೊತ್ತಾದರೆ ಹೆದರಬೇಕಾದ್ದಿಲ್ಲ. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳ ಮಾತ್ರೆಗಳು ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಮಾತ್ರೆಯ ಗುಣ, ಅಪಾಯವಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಿತೆಂದು ಮಾತ್ರೆ ಬಿಟ್ಟವರಲ್ಲಿ ಔಷಧಕ್ಕೆ ಬಗ್ಗದ ಕ್ಷಯ ತಲೆಯೆತ್ತಬಹುದು, ಅದನ್ನು ಗುಣಪಡಿಸುವುದು ಬಹು ಕಷ್ಟ.

ಕಫದಲ್ಲಿ ಕ್ಷಯವಿಲ್ಲವೆಂದಾದರೆ ಅಲ್ಲಿಗೇ ನಿಲ್ಲಬೇಡಿ. ಎದೆಯ ಎಕ್ಸ್-ರೇಯೊಂದರಿಂದಲೇ ದಮ್ಮಿನ ಮೂಲ ತಿಳಿಯದು. ಕೊಳವೆಯೊಳಕ್ಕೆ ಬಲವಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಸ್ಥಳೀಯವಾಗಿ ದೊರೆಯದಿದ್ದರೆ ಜಿಲ್ಲಾ ಆಸ್ಪತ್ರೆಯನ್ನು ವಿಚಾರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಬಳಿಯ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ರಾತ್ರಿ, ಬೆಳಗಿನ ಜಾವ ಬಂದು ಹೋಗುತ್ತ, ನಡುವೆ ಪೂರ್ತಿ ಇಳಿದುಬಿಡುವ ಗೂರಲು ಬಹುಮಟ್ಟಿಗೆ ಆಸ್ತಮಾ. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವ ದಮ್ಮು, ಹೊಗೆಯಿಂದ ಶ್ವಾಸನಾಳಗಳು ಕಿರಿದಾಗಿ ಪುಪ್ಪುಸದ ಗಾಳಿಚೀಲಗಳು ಹಾಳಾದ ಸಿಓಪಿಡಿಯಾಗಿರಬಹುದು. ಹಾಳಾದುದು ಮರಳಿ ಬಾರದು, ಉಳಿದುದನ್ನು ಕಾಪಾಡಿಕೊಳ್ಳಬಹುದು.

ಕಾಪಾಡಿಕೊಳ್ಳುವುದಕ್ಕೆ ಮೊದಲು ನೋಡಬೇಕಾದುದು ಬಚ್ಚಲುಮನೆಯನ್ನು. ಅಡುಗೆಮನೆಗೆ ಗ್ಯಾಸ್ ಬಂದಿರತಕ್ಕ ಮನೆಗಳಲ್ಲೂ ಹಂಡೆಯ ಒಲೆ ಹಾಗೆಯೇ ಉಳಿದಿದೆ. ತೋಟದಲ್ಲಿ ಹೇರಳವಾಗಿ ಬಿದ್ದ ಸೋಗೆ, ಮಟ್ಟೆ, ಕಾಯಿಸಿಪ್ಪೆಗಳು ಪುಕ್ಕಟೆ ಸೌದೆಯಾದ್ದರಿಂದ ಬಿಡಲು ಮನಸ್ಸಾಗದು. ಮಳೆಗಾಲದಲ್ಲಿ ಒದ್ದೆಸಿಪ್ಪೆ ಉರಿಯದೆ ಕಗ್ಗುತ್ತ, ಕಿಟಕಿಯಿಲ್ಲದ ಆ ಕೋಣೆ ಹೊಗೆಯಿಂದ ತುಂಬಿ, ಬೆಳಿಗ್ಗೆ ಐದಕ್ಕೇ ಎದ್ದು ಊದುಗೊಳವೆ ಹಿಡಿದು ಕುಳಿತ ಹೆಣ್ಣುಮಗಳು ಬೀಡಿ ಮುಟ್ಟದೆಯೂ ಬೀಡಿ ಸೇದುವವರ ರೋಗಕ್ಕೆ ತುತ್ತಾಗುತ್ತಾಳೆ. ಒಲೆಯ ಬಾಯನ್ನು ಮನೆಯ ಹೊರಗೋಡೆಗೆ ತಿರುಗಿಸಿ, ಹೊಗೆಗೂಡು ಹಾಕಿಸಿ, ಒಣಗಿದ ಸೌದೆಯನ್ನಷ್ಟೇ ಉಪಯೋಗಿಸಿದರೆ ಹೊಗೆ ಬಹಳ ತಗ್ಗುತ್ತದೆ. ಸೋಲಾರ್ ಹಾಕಿಸುವ ಶಕ್ತಿಯಿದ್ದವರು ಒಲೆಯನ್ನು ಆರಿಸಿಯೇ ಬಿಡಲಿ.

ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ಉಂಡೆಕೊಬ್ಬರಿಯಾದ ಕಾಯಿಯನ್ನು ಇಳಿಸುವಾಗ ಏಳುವ ಧೂಳು ಬೂಷ್ಟುಗಳೂ, ನಾರಿನ ಫ್ಯಾಕ್ಟರಿಯ ಪುಡಿಯೂ, ಚಿಪ್ಪು ಸುಟ್ಟು ಇದ್ದಿಲು ಮಾಡುವ ಹೊಗೆಯೂ ಆಸ್ತಮಾವನ್ನು ಕೆರಳಿಸತಕ್ಕವು. ಮುಖಕ್ಕೆ ಸುತ್ತಿದ ಟವೆಲ್ಲು ದಪ್ಪ ಧೂಳನ್ನು ತಡೆದೀತೇ ಹೊರತು ಸೂಕ್ಷ್ಮಧೂಳನ್ನು ತಡೆಯದು. ಎನ್-95 ಮಾಸ್ಕ್ ಬೇಕು, ಅದನ್ನು ಕೊಡುವುದು ಕೆಲಸಗಾರರ ಮೇಲಿನ ದಯೆಯಲ್ಲ, ಯಜಮಾನರ ಕರ್ತವ್ಯ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚೆ ಚಿಕ್ಕನಾಯಕನಹಳ್ಳಿ ಸೀಮೆಯ ಗಣಿಗಳಲ್ಲಿ ದುಡಿದವರು ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು: ಕಲ್ಲುಧೂಳಿನ ರೋಗ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಕಾಣಿಸಿಕೊಳ್ಳುತ್ತದೆ, ಅದುಳ್ಳವರಿಗೆ ಕ್ಷಯದ ಭಯವೂ ಹೆಚ್ಚು. ಬೀಡಿ ಬಿಡಲು ನೆರವು ಬೇಕಾದವರಿಗೆ 1800-11-2356 ಉಚಿತ ದೂರವಾಣಿ.

ಆಸ್ತಮಾ, ಸಿಓಪಿಡಿಗಳಿಗೆ ವೈದ್ಯರು ಕೊಡುವ ಸೇದುವ ಔಷಧ (ಇನ್ಹೇಲರ್) ಚಟವಾಗುತ್ತದೆಂಬ ಭೀತಿ ನಿರಾಧಾರ. ಮಾತ್ರೆಯಂತೆ ರಕ್ತವನ್ನೆಲ್ಲ ಸುತ್ತದೆ ನೇರವಾಗಿ ಶ್ವಾಸನಾಳಕ್ಕೆ ಸೇರುವುದರಿಂದ ಅದು ಅತ್ಯಲ್ಪ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ. ಸ್ಪ್ರೇಯಾದರೆ ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಕೈಗೂ ಉಸಿರಿಗೂ ಹೊಂದದ ವೃದ್ಧರಿಗೆ ಸ್ಪೇಸರ್ ಎಂಬ ಡಬ್ಬಿ ಸಹಾಯಕ. ಪುಡಿಯ ಗುಳಿಗೆಯಾದರೆ ಅದನ್ನು ಯಂತ್ರದೊಳಗಿಟ್ಟು ಜೋರಾಗಿ ಸೇದತಕ್ಕದ್ದು, ನುಂಗತಕ್ಕದ್ದಲ್ಲ. ಸ್ಟೀರಾಯ್ಡ್ ಉಳ್ಳದ್ದನ್ನು ಸೇದಿದ ಬಳಿಕ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲವಾದರೆ ಬಾಯಿ ಹುಣ್ಣಾಗಬಹುದು. ಗೂರಲಿಲ್ಲದ ದಿನವೂ ಬಿಡದೆ ಸೇದಬೇಕಾದ ಔಷಧ ಯಾವುದು, ಉಸಿರು ಕಟ್ಟಿದಾಗ ಮಾತ್ರ ಬೇಕಾದದ್ದು ಯಾವುದು ಎಂಬುದನ್ನು ವೈದ್ಯರಿಂದ ಡಬ್ಬಿಯ ಮೇಲೆಯೇ ಕನ್ನಡದಲ್ಲಿ ಬರೆಯಿಸಿಕೊಳ್ಳಿ.

ಒಂದು ವಾಕ್ಯವನ್ನು ಮುಗಿಸಲಾಗದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಗಟ್ಟಿದರೆ, ಕೆಮ್ಮಿದಾಗ ರಕ್ತ ಧಾರಾಳವಾಗಿ ಬಂದರೆ, ಬೆಳಗಾಗಲೆಂದು ಕಾಯಬೇಡಿ. ತತ್ಕ್ಷಣ 108ಕ್ಕೆ ಕರೆಮಾಡಿ, ರೋಗಿಯನ್ನು ಮಲಗಿಸದೆ ಒರಗಿಸಿ ಕೂರಿಸಿ, ಸೇದುವ ಔಷಧವನ್ನೂ ಹಳೆಯ ಚೀಟಿ, ಎಕ್ಸ್-ರೇಗಳನ್ನೂ ಮರೆಯದೆ ಜೊತೆಗೆ ಕೊಂಡೊಯ್ಯಿರಿ.