ಗಂಡಭೇರುಂಡದ ಸೇನಾಬಿಲ್ಲೆಗಳು: ನೈಜತೆಯ ಪ್ರಶ್ನೆ

ಮಲೆನಾಡಿನ ಸೇನಾ ಇತಿಹಾಸವನ್ನು ಲೋಹದ ಬಿಲ್ಲೆಗಳ ಆಧಾರದಿಂದ ಕಟ್ಟಹೊರಡುವವರಿಗೆ ಗಂಡಭೇರುಂಡವೇ ಮೊದಲ ತೊಡಕು. ಸಾಗರ ತಾಲ್ಲೂಕಿನ ಕೆಳದಿ ರಾಮೇಶ್ವರ ದೇವಾಲಯದ ಛಾವಣಿಯಲ್ಲಿ ಈ ಪಕ್ಷಿಯ ಕೆತ್ತನೆಯಿದೆ. ಮೈಸೂರು ಒಡೆಯರ ರಾಜಲಾಂಛನವೂ ಅದೇ. (ಇಂದು ಸರ್ಕಾರಿ ಬಸ್ಸಿನ ಮೇಲೂ ಅದು ಇದೆ.) ಆದುದರಿಂದ ಹೊಸನಗರ ತಾಲ್ಲೂಕಿನ ನಗರದ ಕೋಟೆಯಲ್ಲಾಗಲಿ ತೀರ್ಥಹಳ್ಳಿಯ ಕವಲೇದುರ್ಗದಲ್ಲಾಗಲಿ ಇಂತಹ ಬಿಲ್ಲೆ ದೊರೆತರೆ, ಚಿತ್ರವನ್ನಷ್ಟೇ ನೋಡಿ ಅದನ್ನು ಕೆಳದಿಯ ಸೈನಿಕನದೆನ್ನಲಾಗದು. ಅಚ್ಚೊತ್ತಿದ ತೆಳುಹಿತ್ತಾಳೆ, ಇಂಗ್ಲಿಷ್ ಅಕ್ಷರಗಳು ಇದ್ದಲ್ಲಿ, 1763ರಲ್ಲಿ ಹೈದರಾಲಿಗೆ ಸೋತ ಕೆಳದಿ ಅರಸೊತ್ತಿಗೆಯೊಡನೆ ಅದಕ್ಕೆ ಸಂಬಂಧವಿಲ್ಲ.

ಎರಡನೆಯ ಆತುರ ಹೈಫಾದ್ದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಕೀರ್ತಿ ದೊಡ್ಡದು. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಪ್ರತಿ ಬಿಲ್ಲೆಯನ್ನೂ ಆ ಕದನಕ್ಕೆ ಸೇರಿಸುವ ಆಸೆ ಸಹಜ. ಆದರೆ ಯುದ್ಧಾನಂತರವೂ ಸುಮಾರು ಮೂರು ದಶಕ ಆ ದಳ ಉಳಿದಿತ್ತು. 'ಇಂಪೀರಿಯಲ್ ಸರ್ವೀಸ್' ಎಂಬ ಹಳೆಯ ಹೆಸರು 1920ರ ದಶಕದ ಆರಂಭದಲ್ಲಿ 'ಇಂಡಿಯನ್ ಸ್ಟೇಟ್ಸ್ ಫೋರ್ಸಸ್' ಎಂದು ಬದಲಾಯಿತು. ಹೊಸ ಹೆಸರನ್ನು ಹೊತ್ತ ಬಿಲ್ಲೆ ಹೈಫಾ ಕಂಡಿರಲಾರದು. ಹಳೆಯ ಹೆಸರಿನದಾದರೂ ಅದು ಊರಲ್ಲೇ ಉಳಿದ ಸವಾರನದಾಗಿರಬಹುದು.

ಬಿಲ್ಲೆಗೆ ಹೆಸರಿಲ್ಲ, ಪದಕಕ್ಕಿದೆ. ಬ್ರಿಟಿಷ್ ಯುದ್ಧಪದಕದ ಅಂಚಿನಲ್ಲಿ ಪಡೆದವನ ಹೆಸರು, ದಳ ಕೆತ್ತಲ್ಪಟ್ಟಿರುತ್ತವೆ. ಆ ಬೆಳ್ಳಿ ಕರಗಿಹೋಗಿ ಹಿತ್ತಾಳೆ ಮಾತ್ರ ಉಳಿದ ಮನೆಗಳಲ್ಲಿ ಅಜ್ಜನನ್ನು ಪಿಂಚಣಿ ಕಾಗದದಲ್ಲಿ ಹುಡುಕಬೇಕಾಗುತ್ತದೆ.