ಒಂದೇ ಬಾಗಿಲು, ನೂರು ಮನೆ

ವಠಾರವೆಂದರೆ ಒಂದೇ ತಲೆಬಾಗಿಲು, ಒಂದೇ ಅಂಗಳ, ಒಂದೇ ಬಾವಿ; ಅದರೊಳಗೆ ಹತ್ತಾರು ಸಂಸಾರಗಳು. ಸ್ವಂತ ಮನೆಯನ್ನು ಕಟ್ಟಿಸಲು ಶಕ್ತಿಯಿಲ್ಲದವರು ಖರ್ಚನ್ನು ಹಂಚಿಕೊಂಡು ಬಾಳುವ ಏರ್ಪಾಡು ಅದು. ಅಂತರಜಾಲದಲ್ಲಿಯೂ ಇಂತಹ ವಠಾರಗಳುಂಟು. ಒಂದು ಊರಿನ ಗ್ರಂಥಾಲಯವೋ ನೇಕಾರರ ಸಹಕಾರ ಸಂಘವೋ ತನ್ನದೇ ಆದ ಜಾಲತಾಣವನ್ನು ನಡೆಸಬಯಸಿದರೆ, ಹಗಲಿರುಳು ಎಚ್ಚರವಾಗಿರುವ ಸರ್ವರ್ ಎಂಬ ಗಣಕಯಂತ್ರವನ್ನು ಅದು ಕೊಳ್ಳಬೇಕಾಗಿಲ್ಲ. ಒಂದೇ ಸರ್ವರ್ ನೂರಾರು ತಾಣಗಳಿಗೆ ಆಶ್ರಯವನ್ನು ನೀಡಬಲ್ಲುದು. ಇದಕ್ಕೆ ಶೇರ್ಡ್ ಹೋಸ್ಟಿಂಗ್ ಎಂದು ಹೆಸರು. ಪ್ರತಿಯೊಂದು ತಾಣಕ್ಕೂ ಡೊಮೇನ್ ಎಂಬ ಬೇರೆ ಬೇರೆ ಹೆಸರಿದ್ದರೂ ಅವೆಲ್ಲದರ ವಿಳಾಸ, ಅಂದರೆ ಐಪಿ ಸಂಖ್ಯೆ, ಸಾಮಾನ್ಯವಾಗಿ ಒಂದೇ ಆಗಿರುತ್ತದೆ.

ವಠಾರದ ಬದುಕು ಅಗ್ಗವಾದುದು. ಆದರೆ ಅಲ್ಲಿ ಗುಟ್ಟನ್ನು ಕಾಪಾಡಿಕೊಳ್ಳುವುದು ಕಷ್ಟ. ಅಂತರಜಾಲದ ವಠಾರಗಳು ಈ ಕಷ್ಟವನ್ನು ಬಹುಕಾಲ ಅನುಭವಿಸಿದುವು.

ಅಂತರಜಾಲದಲ್ಲಿ ಕಳುಹಿಸಿದ ಸಂದೇಶವು ಹಲವು ಯಂತ್ರಗಳನ್ನು ದಾಟಿ ಗುರಿಯನ್ನು ಸೇರುತ್ತದೆ. ಅದು ತೆರೆದ ಅಂಚೆ ಕಾರ್ಡಿನಂತಿದ್ದರೆ ದಾರಿಯಲ್ಲಿರುವ ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಲೂ ಬಹುದು. ಈ ಅಪಾಯವನ್ನು ನಿವಾರಿಸಲು ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಎಸ್‌ಎಸ್‌ಎಲ್ ಎಂಬ ವಿಧಾನವನ್ನು ಬಳಕೆಗೆ ತಂದಿತು. 1999ರಲ್ಲಿ ಅದರ ಉತ್ತರಾಧಿಕಾರಿಯಾಗಿ ಟಿಎಲ್‌ಎಸ್ ಬಂದಿತು. ಇಂದು ಕೆಲಸಮಾಡುತ್ತಿರುವುದು ಟಿಎಲ್‌ಎಸ್. ಆದರೂ ಜನರ ನಾಲಗೆಯ ಮೇಲೆ ಹಳೆಯ ಹೆಸರೇ ಉಳಿದಿದೆ.

ಈ ವಿಧಾನವು ಮಾತನ್ನು ಗೂಢಲಿಪಿಯಾಗಿ ಮಾರ್ಪಡಿಸುತ್ತದೆ. ಅಷ್ಟರಿಂದಲೇ ಪ್ರಯೋಜನವಿಲ್ಲ. ಅರಗಿನ ಮುದ್ರೆಯೊತ್ತಿದ ಲಕೋಟೆಯನ್ನು ಕಳ್ಳನ ಕೈಗೇ ಕೊಟ್ಟರೆ ಮುದ್ರೆಯಿಂದೇನು ಫಲ? ಎದುರಿಗಿರುವವನು ತಾನು ಹೇಳಿಕೊಂಡ ಹೆಸರಿನವನೇ ಎಂಬುದು ಮೊದಲು ಸಿದ್ಧವಾಗಬೇಕು. ಅದಕ್ಕಾಗಿ ಇರುವುದೇ ಪ್ರಮಾಣಪತ್ರ. ಪ್ರತಿಯೊಂದು ತಾಣಕ್ಕೂ ಜೋಡಿ ಕೀಲಿಗಳಿರುತ್ತವೆ: ಖಾಸಗಿ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರಾದರೂ ಪರೀಕ್ಷಿಸಬಹುದು, ಅಂತಹ ಸಹಿಯನ್ನು ಹಾಕಲು ಮಾತ್ರ ಅನ್ಯರಿಂದ ಆಗದು. ಈ ಬಹಿರಂಗ ಕೀಲಿಯು ಇಂತಹ ಡೊಮೇನಿಗೆ ಸೇರಿದುದು ಎಂದು ಬ್ರೌಸರುಗಳು ನಂಬುವ ಒಂದು ಸಂಸ್ಥೆಯು ಬರೆದುಕೊಟ್ಟ ಸಾಕ್ಷ್ಯವೇ ಪ್ರಮಾಣಪತ್ರ.

ವಠಾರದ ತೊಡಕು ಇಲ್ಲಿಯೇ ಹುಟ್ಟಿತು. ಸಂದರ್ಶಕನ ಬ್ರೌಸರು ಸರ್ವರಿನ ಬಾಗಿಲನ್ನು ತಟ್ಟಿದೊಡನೆ ಸರ್ವರು ಪ್ರಮಾಣಪತ್ರವನ್ನು ತೋರಿಸಬೇಕು. ಗೂಢ ಸಂಭಾಷಣೆಯು ಆರಂಭವಾಗುವುದು ಆ ಬಳಿಕ. ತನಗೆ ಬೇಕಾದ ತಾಣದ ಹೆಸರನ್ನು ಬ್ರೌಸರು ಹೇಳುತ್ತಿದ್ದುದೋ ಆ ಗೂಢ ಸಂಭಾಷಣೆಯೊಳಗೆ! ಬಂದವನು ಯಾರ ಮನೆಗೆ ಬಂದವನೆಂದು ತಿಳಿಯುವ ಮೊದಲೇ ಆ ಮನೆಯ ಪತ್ರವನ್ನು ತೋರಿಸೆಂದರೆ ಬಾಗಿಲು ಕಾಯುವವನು ಏನು ಮಾಡಿಯಾನು? ನೂರು ಪತ್ರಗಳಲ್ಲಿ ಒಂದನ್ನು ತೋರಿಸುವನು; ಹೆಸರು ಹೊಂದದೆ ಬ್ರೌಸರು ಎಚ್ಚರಿಕೆಯನ್ನು ನೀಡುವುದು. ಆದುದರಿಂದ ಬೀಗ ಬೇಕೆಂದವರು ಪ್ರತ್ಯೇಕ ಐಪಿ ವಿಳಾಸವನ್ನೇ ಪಡೆಯಬೇಕಾಗುತ್ತಿತ್ತು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ; ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ಕಂತುಗಳು 2011ರ ಫೆಬ್ರುವರಿಯಲ್ಲಿ ಹಂಚಿಹೋದುವು.

ಇದಕ್ಕೆ ದೊರೆತ ಪರಿಹಾರವು ಎಷ್ಟು ಸರಳವೆಂದರೆ ಮೊದಲೇ ಏಕೆ ಹೊಳೆಯಲಿಲ್ಲವೆಂದು ಆಶ್ಚರ್ಯವಾಗುತ್ತದೆ. ಬಾಗಿಲನ್ನು ತಟ್ಟುವಾಗಲೇ ಮನೆಯ ಹೆಸರನ್ನು ಕೂಗಿ ಹೇಳುವುದು! 2003ರಲ್ಲಿ ರೂಪುಗೊಂಡ ಈ ಕ್ರಮಕ್ಕೆ ಎಸ್‌ಎನ್‌ಐ ಎನ್ನುತ್ತಾರೆ. ಕೂಗಿದ ಹೆಸರು ಸಾಮಾನ್ಯವಾಗಿ ದಾರಿಹೋಕರಿಗೂ ಕೇಳಿಸುತ್ತದೆ, ಒಳಗಿನ ಮಾತು ಕೇಳಿಸದು. ಆದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಹೀಗೆ ಕೂಗಲು ಬಾರದು. 2014ರಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲವು ನಿಲ್ಲುವವರೆಗೂ ಅನೇಕರು ಎಸ್‌ಎನ್‌ಐಯನ್ನು ನೆಚ್ಚಲು ಅಳುಕಿದರು.

ಇನ್ನು ಉಳಿದುದು ಹಣದ ಪ್ರಶ್ನೆ. ಪ್ರಮಾಣಪತ್ರಕ್ಕೆ ವರ್ಷವರ್ಷವೂ ಶುಲ್ಕವನ್ನು ತೆರಬೇಕಾಗಿದ್ದುದರಿಂದ ಬಡ ತಾಣಗಳು ಬೀಗವಿಲ್ಲದೆಯೇ ಉಳಿದುವು. ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್, ಮಿಷಿಗನ್ ವಿಶ್ವವಿದ್ಯಾನಿಲಯ ಮೊದಲಾದವುಗಳಿಗೆ ಸೇರಿದವರ ಪ್ರಯತ್ನದಿಂದ ಹುಟ್ಟಿದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯು 2015ರಲ್ಲಿ ಅದನ್ನು ಉಚಿತವಾಗಿ ನೀಡತೊಡಗಿತು. ಇದು ದೊಡ್ಡ ಉಪಕಾರವೆಂದೇ ಹೇಳಬೇಕು.

ಗ್ರಂಥಾಲಯದ ಉದಾಹರಣೆಗೇ ಬರೋಣ. ಅದರ ಕಾರ್ಯದರ್ಶಿಯು ಹೋಸ್ಟಿಂಗ್ ಸಂಸ್ಥೆಯ ನಿಯಂತ್ರಣ ಫಲಕವನ್ನು ತೆರೆದು ಪ್ರಮಾಣಪತ್ರವನ್ನು ಕೋರುತ್ತಾನೆ. ಸರ್ವರು ಜೋಡಿ ಕೀಲಿಗಳನ್ನು ಸೃಷ್ಟಿಸಿ, ಬಹಿರಂಗ ಕೀಲಿಯನ್ನು ಮಾತ್ರ ಕಳುಹಿಸುತ್ತದೆ. ಡೊಮೇನು ನಿಜವಾಗಿ ನಿಮ್ಮ ಅಧೀನದಲ್ಲಿದ್ದರೆ ಅದರ ಇಂತಹ ಜಾಗದಲ್ಲಿ ಈ ಗುರುತನ್ನು ಇಟ್ಟು ತೋರಿಸಿರಿ ಎಂದು ಪ್ರಮಾಣಪತ್ರ ಸಂಸ್ಥೆಯು ಒಡ್ಡುತ್ತದೆ. ಸರ್ವರು ಹಾಗೆಯೇ ಇಡುತ್ತದೆ. ಸಂಸ್ಥೆಯು ಹೊರಗಿನಿಂದ ಬಂದು ನೋಡಿ, ಸರಿಯಾಗಿದ್ದರೆ ಪತ್ರವನ್ನು ನೀಡುತ್ತದೆ. ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬಲ್ಲುದು. ಮುಗಿಯದಿದ್ದರೆ ಕಾರಣವನ್ನು ಮೊದಲು ಡಿಎನ್‌ಎಸ್ ಎಂಬ ವಿಳಾಸದ ದಫ್ತರದಲ್ಲಿ ಹುಡುಕಬೇಕು. ಹಳೆಯ ಸರ್ವರಿನ ಸಂಖ್ಯೆಯು ಅಲ್ಲಿ ಉಳಿದಿದ್ದರೆ, ಸಂಸ್ಥೆಯು ಬೇರೊಂದು ವಠಾರಕ್ಕೆ ಹೋಗಿ ಗುರುತನ್ನು ಕಾಣದೆ ಹಿಂದಿರುಗುವುದು. ಹೆಸರಿನ ಹಿಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ರೂಪವೂ ಇಲ್ಲದ ರೂಪವೂ ಲೆಕ್ಕಕ್ಕೆ ಎರಡು ಹೆಸರುಗಳು, ಎರಡೂ ಪತ್ರದಲ್ಲಿರಬೇಕು. ಹಳೆಯ ಎಚ್‌ಟಿಟಿಪಿ ಬಾಗಿಲಿಗೆ ಬಂದವರನ್ನು ಎಚ್‌ಟಿಟಿಪಿಎಸ್ ಬಾಗಿಲಿಗೆ ತಿರುಗಿಸುವುದನ್ನೂ ಮರೆಯಲಾಗದು. ಇನ್ನೊಂದು ಮಾತು: ಖಾಸಗಿ ಕೀಲಿಯು ಇರುವುದು ವಠಾರದ ಒಡೆಯನ ಯಂತ್ರದಲ್ಲಿ. ಒಡೆಯನನ್ನು ಆರಿಸುವಾಗ ಬಾಡಿಗೆಯೊಂದನ್ನೇ ನೋಡುವುದು ಜಾಣತನವಲ್ಲ.

ಸಾಕ್ಷಿಯೇ ಕೆಟ್ಟರೆ ಏನಾಗುವುದೆಂಬುದನ್ನು 2011ರಲ್ಲಿ ಲೋಕವು ಕಂಡಿತು. ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಮಾಣಪತ್ರ ಸಂಸ್ಥೆಯ ಯಂತ್ರಗಳಿಗೆ ನುಗ್ಗಿದವರು ಗೂಗಲ್ ಹೆಸರಿನಲ್ಲಿ ಸುಳ್ಳು ಪತ್ರವನ್ನು ಸೃಷ್ಟಿಸಿಕೊಂಡರು. ಅದನ್ನು ಮುಂದಿಟ್ಟು ಇರಾನಿನ ಜನರ ಸಂಪರ್ಕಗಳ ನಡುವೆ ಕದ್ದು ಕುಳಿತರು. ಸುಮಾರು 3 ಲಕ್ಷ ಐಪಿ ವಿಳಾಸಗಳು ಆ ಸುಳ್ಳು ಪತ್ರವನ್ನು ಎದುರಿಸಿದುವೆಂದು ತನಿಖೆಯಿಂದ ತಿಳಿದುಬಂದಿತು. ಬೀಗದ ಚಿಹ್ನೆಯನ್ನು ನಂಬಿ ಪತ್ರ ಬರೆದ ಆ ಜನರ ತಪ್ಪೇನಿತ್ತು? ಬ್ರೌಸರುಗಳು ಡಿಜಿನೋಟಾರ್ ಮೇಲಿನ ನಂಬಿಕೆಯನ್ನು ಕಿತ್ತುಹಾಕಿದುವು. ಅದೇ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ದಿವಾಳಿಯಾಯಿತು.

ಯಾರೂ ನುಗ್ಗದಿದ್ದರೂ ಪ್ರಮಾಣಪತ್ರದ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಉಚಿತ ಪತ್ರವು ದೃಢಪಡಿಸುವುದು ಡೊಮೇನು ಯಾರ ಅಧೀನದಲ್ಲಿದೆ ಎಂಬುದನ್ನೇ ಹೊರತು ಆತನ ನಡತೆಯನ್ನಲ್ಲ. ಬ್ಯಾಂಕಿನ ಹೆಸರನ್ನು ಹೋಲುವ ಡೊಮೇನನ್ನು ಕೊಂಡ ವಂಚಕನಿಗೂ ಅದು ದೊರೆಯಬಲ್ಲುದು. ಬೀಗದ ಚಿಹ್ನೆ ಇದೆಯೆಂದು ಹೆಸರಿನ ಅಕ್ಷರಗಳನ್ನು ಓದದೆ ಬಿಡುವವರೇ ಅವನಿಗೆ ಸುಲಭವಾಗಿ ಸಿಕ್ಕುತ್ತಾರೆ.

ಕೆಟ್ಟ ಪತ್ರವು ಬಹುಕಾಲ ಬಾಳದಿರಲೆಂದೇ ಅವಧಿಯನ್ನು ಕಿರಿದುಗೊಳಿಸುತ್ತಿದ್ದಾರೆ. ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದಲೂ 90 ದಿನಗಳ ಪತ್ರವನ್ನು ನೀಡುತ್ತ ಬಂದಿತು. ಯಾವ ಪತ್ರವೂ 2029ರ ಬಳಿಕ 47 ದಿನಗಳಿಗಿಂತ ಹೆಚ್ಚು ಬಾಳಬಾರದೆಂದು ಬ್ರೌಸರು ತಯಾರಕರೂ ಪ್ರಮಾಣಪತ್ರ ಸಂಸ್ಥೆಗಳೂ ಕೂಡಿದ ಒಕ್ಕೂಟವು 2025ರಲ್ಲಿ ತೀರ್ಮಾನಿಸಿತು. ಇಷ್ಟು ಬೇಗ ಬೇಗನೆ ನವೀಕರಿಸುವುದನ್ನು ಗ್ರಂಥಾಲಯದ ಕಾರ್ಯದರ್ಶಿಯ ನೆನಪಿಗೆ ಬಿಡಲಾಗದು. ಆ ಕೆಲಸವನ್ನು ವಠಾರದ ಯಂತ್ರವೇ ಅವನು ಮಲಗಿರುವಾಗ ಮಾಡಿ ಮುಗಿಸಬೇಕಾಗುತ್ತದೆ.