ಏರ್ ರೈಫಲ್‌ಗೆ ಯಾವ ಮೌಂಟ್?

ಪ್ರಶ್ನೆ: ನನ್ನ ಬಳಿ ಸ್ಪ್ರಿಂಗ್ ಏರ್ ರೈಫಲ್ ಇದೆ. ಅದಕ್ಕೆ ಸ್ಕೋಪ್ ಹಾಕಿಸಬೇಕು. ಅಂಗಡಿಯಲ್ಲಿ ಅದನ್ನು ರೈಫಲ್ ಮೇಲೆ ಹಿಡಿದಿಡುವ ಹಲವು ಬಗೆಯ ಮೌಂಟ್‌ಗಳನ್ನು ತೋರಿಸಿದರು. ಯಾವುದನ್ನು ಆರಿಸಲಿ? ಎತ್ತರದ್ದಾದರೆ ಗುರಿ ಚೆನ್ನಾಗಿ ಸಿಗುತ್ತದೆಯೇ?

ಉತ್ತರ: ಕೊಳ್ಳುವ ಮೊದಲೇ ಕೇಳಿದಿರಿ, ಸಂತೋಷ. ಮೌಂಟ್ ಸಡಿಲವಾಗಿದ್ದರೂ ಸ್ಕೋಪನ್ನೇ ದೂರುವವರು ಬಹಳ.

ಮೊದಲು ರೈಫಲ್‌ನ ಮೇಲ್ಭಾಗ ನೋಡಿ. ಉದ್ದಕ್ಕೆ ಎರಡು ಗೀರು ಕೊರೆದಿದ್ದರೆ ಅದು ಡವ್‌ಟೇಲ್. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಅಗಲದ್ದು. ಅಡ್ಡಡ್ಡ ಕಚ್ಚುಗಳಿರುವ ಪಟ್ಟಿಯಾದರೆ ವೀವರ್ ಅಥವಾ ಪಿಕಟಿನಿ. ಎರಡೂ ನೋಡಲು ಒಂದೇ ಥರ, ಆದರೆ ಪಿಕಟಿನಿಯ ಕಚ್ಚು ಸ್ವಲ್ಪ ಅಗಲ. ಹಾಗಾಗಿ ವೀವರ್ ಮೌಂಟ್ ಪಿಕಟಿನಿ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕೂರುತ್ತದೆ, ಪಿಕಟಿನಿಯದು ವೀವರ್ ಮೇಲೆ ಕೂರುವುದು ಕಷ್ಟ. ಆಮೇಲೆ ಸ್ಕೋಪಿನ ಕೊಳವೆಯ ಅಳತೆ. 25.4 ಮಿ.ಮೀ. (ಒಂದು ಇಂಚು) ಕೊಳವೆಗೆ 30 ಮಿ.ಮೀ. ರಿಂಗ್‌ನ ಮೌಂಟ್ ತಂದು, ನಡುವೆ ಕಾಗದ ಸುತ್ತಿ ಬಿಗಿಯಬೇಡಿ.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತಾಗ ರೈಫಲ್ ಫಕ್ಕನೆ ಮುಂದಕ್ಕೆ ಜಿಗಿಯುತ್ತದೆ. ಆ ಜಿಗಿತದಲ್ಲಿ ಸ್ಕೋಪು ಇದ್ದಲ್ಲೇ ಉಳಿಯಲು ನೋಡುತ್ತದೆ. ಹೀಗೆ ಹೊಡೆದಷ್ಟೂ ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ಸ್ಕ್ರೂ ಎಷ್ಟು ಬಿಗಿದರೂ ಇದು ಪೂರ್ತಿ ನಿಲ್ಲದು. ಆದ್ದರಿಂದ ಅಡಿಯಲ್ಲಿ ತಡೆಮೊಳೆ, ಅಂದರೆ ಸ್ಟಾಪ್ ಪಿನ್ ಇರುವ ಮೌಂಟನ್ನೇ ಕೇಳಿ. ರೈಫಲ್ ಮೇಲಿನ ಸಣ್ಣ ರಂಧ್ರಕ್ಕೆ ಆ ಮೊಳೆ ಇಳಿಯಬೇಕು. ಎರಡು ಬಿಡಿ ರಿಂಗ್‌ಗಳಿಗಿಂತ ಒಂದೇ ತುಂಡಿನ ಮೌಂಟ್ ನಿಮಗೆ ಮೇಲು. ಅದರ ಹಿಡಿತದ ಉದ್ದ ಹೆಚ್ಚು. ಸ್ಕೋಪೂ ಏರ್ ರೈಫಲ್‌ಗೆಂದೇ ಮಾಡಿದ್ದಾಗಿರಲಿ. ಹಿಂದೊದೆತಕ್ಕಷ್ಟೇ ಸಿದ್ಧಮಾಡಿದ ಸ್ಕೋಪುಗಳು ಈ ಮುಂದೊದೆತಕ್ಕೆ ಒಳಗೇ ಕೆಡುವುದುಂಟು.

ಇನ್ನು ಎತ್ತರ. ಎತ್ತರದ ಮೌಂಟಿನಿಂದ ಗುರಿ ಸುಧಾರಿಸುವುದಿಲ್ಲ. ಮುಂದಿನ ದೊಡ್ಡ ಮಸೂರ ನಳಿಕೆಗೆ ತಾಗದಷ್ಟು, ಪೆಲೆಟ್ ತುಂಬಲು ಕೈಗೆ ಅಡ್ಡಿಯಾಗದಷ್ಟು ಎತ್ತರ ಸಾಕು. ಅದಕ್ಕಿಂತ ಮೇಲೇರಿದರೆ ಕೆನ್ನೆ ಹಿಡಿಯಿಂದ ಮೇಲೇಳುತ್ತದೆ, ರೈಫಲ್ ತುಸು ವಾಲಿದರೂ ತಪ್ಪು ದೊಡ್ಡದಾಗುತ್ತದೆ.

ಒಲಿಂಪಿಕ್ಸ್‌ನಂಥ 10 ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುವ ಯೋಚನೆ ಇದ್ದರೆ ಸ್ಕೋಪಿಗೆ ಹಣ ಹಾಕಬೇಡಿ, ಅಲ್ಲಿ ಅದಕ್ಕೆ ಅನುಮತಿಯಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟ್‌ನಿಂದ.

ಸ್ಕೋಪು ಕೂರಿಸುವಾಗ ಕಣ್ಣಿಗೂ ಅದಕ್ಕೂ ಸುಮಾರು 8 ಸೆಂ.ಮೀ. ಅಂತರವಿರಲಿ. ಪೂರ್ತಿ ವೃತ್ತ ಸ್ಪಷ್ಟವಾಗಿ ಕಾಣುವವರೆಗೆ ಹಿಂದೆ ಮುಂದೆ ಸರಿಸಿ, ಒಳಗಿನ ಅಡ್ಡಗೆರೆ ನೇರವಾಗಿದೆಯೇ ನೋಡಿಕೊಂಡು, ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದಿಷ್ಟು ಪೆಲೆಟ್ ಹೊಡೆದ ನಂತರ ಮತ್ತೊಮ್ಮೆ ಪರೀಕ್ಷಿಸಿ.